ಸೊಪ್ಪು, ರಾಗಿ, ಕಬ್ಬು, ತೆಂಗು: ಕೋಡ್ ಬರೆಯುವವರ ಮುಂದಿನ ಬೆಳೆ ಯಾವುದು?

ಏಳೆಂಟು ವರ್ಷ ಕೋಡ್ ಬರೆದ ಮೇಲೆ ಒಂದು ದಿನ ಅಪ್ರೈಸಲ್ ಮೀಟಿಂಗ್‌ನಲ್ಲಿ ಆ ಪ್ರಶ್ನೆ ಬಂದೇ ಬರುತ್ತದೆ. "ಮುಂದೆ ಯಾವ ಕಡೆ ಅಂತಿದ್ದೀರಿ? ಮ್ಯಾನೇಜ್‌ಮೆಂಟಾ, ಟೆಕ್ನಿಕಲ್ಲಾ?" ನನ್ನನ್ನು ಕೇಳಿದಾಗ ಎರಡಕ್ಕೂ ಇರುವ ವ್ಯತ್ಯಾಸವೇ ನನಗೆ ಗೊತ್ತಿರಲಿಲ್ಲ. "ಸಂಬಳ ಜಾಸ್ತಿ ಇರುವ ಕಡೆ" ಎನ್ನಲು ನಾಚಿಕೆಯಾಗಿ "ಮ್ಯಾನೇಜ್‌ಮೆಂಟ್" ಎಂದುಬಿಟ್ಟೆ. ಎರಡು ವರ್ಷ ಒದ್ದಾಡಿದೆ. ಬಿಟ್ಟು ಮತ್ತೆ ಕೋಡ್‌ಗೆ ಬಂದೆ. ಮೂರು ವರ್ಷ ಕಳೆದು, ಈ ಸಲ ಗೊತ್ತಿದ್ದೇ, ಮತ್ತೆ ತಂಡ ನೋಡಿಕೊಳ್ಳುವ ಕೆಲಸ ಹಿಡಿದೆ. ಎರಡೂ ಕಡೆ ಕೈ ಸುಟ್ಟುಕೊಂಡವನ ಲೆಕ್ಕಾಚಾರ ಇದು.

ನಮ್ಮೂರು ಮಂಡ್ಯದ ಪಕ್ಕ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ. ಮನೆ ಈಗ ಮೈಸೂರಿನ ವಿಜಯನಗರದಲ್ಲಿ, ಕೆಲಸ ಬೆಂಗಳೂರಿನ ಕಂಪನಿಯದು. ಮೊದಲ ಸಲ ಮ್ಯಾನೇಜರ್ ಆಗಿ ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಪ್ಪ ಜಗಲಿಯ ಮೇಲೆ ಕೂತು ವಿಚಾರಿಸಿದರು.

"ಏನ್ಲಾ, ಮ್ಯಾನೇಜರ್ ಆದ್ಯಂತೆ? ಈಗ ಏನ್ ಕೆಲ್ಸ ನಿಂಗೆ?"

"ಈಗ ಕೋಡ್ ಬರಿಯಲ್ಲ ದೊಡ್ಡಪ್ಪ. ಬರಿಯೋರ್ನ ನೋಡ್ಕೋತೀನಿ."

"ಅಂಗಾರೆ ಮೇಸ್ತ್ರಿ ಅನ್ನು."

ಆಗ ನಕ್ಕು ಸುಮ್ಮನಾದೆ. ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಹುದ್ದೆ ಮಾತ್ರ ಬೇರೆ. ಮೇಸ್ತ್ರಿ ಕರಣೆ ಕೆಳಗಿಡುವುದಿಲ್ಲ. ನಾಲ್ಕು ಜನಕ್ಕೆ ಕೆಲಸ ಹೇಳುತ್ತಲೇ ತಾನೂ ಗೋಡೆ ಕಟ್ಟುತ್ತಾನೆ. ಅದು ಟೆಕ್ ಲೀಡ್. ಮ್ಯಾನೇಜರ್ ಆದವನ ಕೈಯಲ್ಲಿ ಕರಣೆ ಇರುವುದಿಲ್ಲ.

ಈ ಹುದ್ದೆಗಳನ್ನು ಸಂಬಳದಿಂದ ಅಳೆಯಬಹುದು, ಕೈಕೆಳಗಿನ ಜನರ ಲೆಕ್ಕದಿಂದ ಅಳೆಯಬಹುದು. ನಾನು ಅಳೆಯುವುದು ಬೆಳೆಯ ಅವಧಿಯಿಂದ. ಹಿತ್ತಲಲ್ಲಿ ದಂಟಿನ ಸೊಪ್ಪು ಚೆಲ್ಲಿದರೆ ತಿಂಗಳಿಗೆ ಸಾರಿಗೆ ಬರುತ್ತದೆ. ರಾಗಿಗೆ ನಾಲ್ಕು ತಿಂಗಳು ಬೇಕು. ಕಬ್ಬಿಗೆ ವರ್ಷ. ತೆಂಗಿನ ಸಸಿ ನೆಟ್ಟರೆ ಆರೇಳು ವರ್ಷ ನೀರು ಹೊಯ್ಯುತ್ತಿರಬೇಕು, ಫಲ ಆಮೇಲೆ. ಕೋಡ್ ಬರೆಯುವುದು ಸೊಪ್ಪಿನ ಬೆಳೆ. ಬೆಳಿಗ್ಗೆ ಬರೆದದ್ದು ಸರಿಯೋ ತಪ್ಪೋ ಸಂಜೆಗೆ ಟೆಸ್ಟ್ ಹೇಳುತ್ತದೆ. ದಿನಾ ಒಂದಿಷ್ಟು ಕೊಯ್ದು ಮನೆಗೆ ತಂದ ಸುಖ ಇದೆ. ಲೀಡರ್‌ಶಿಪ್ ಅಂತ ಕರೆಯುವ ಯಾವ ಕೆಲಸಕ್ಕೆ ಹೋದರೂ ಮೊದಲು ಕಳೆದುಹೋಗುವುದು ಈ ದಿನದ ಕೊಯ್ಲು. ಎಷ್ಟು ಕಾಲ ಬರಿಗೈಲಿ ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಬಲ್ಲಿರಿ? ಆಯ್ಕೆ ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಟೆಕ್ ಲೀಡ್: ರಾಗಿ

ನಾಲ್ಕರಿಂದ ಆರು ಜನರ ತಂಡ. ಅರ್ಧ ದಿನ ಕೋಡ್, ಅರ್ಧ ದಿನ ಬೇರೆಯವರ ಕೋಡ್ ನೋಡುವುದು, ಕೆಲಸ ಒಡೆದು ಹಂಚುವುದು, ಏನು ಕಟ್ಟಬೇಕೆಂದು ಹೇಳುವ ಪ್ರಾಡಕ್ಟ್‌ನವರ ಜೊತೆ ಜಗ್ಗಾಟ. ಒಂದು ರಿಲೀಸ್ ಮುಗಿಯುವ ಹೊತ್ತಿಗೆ, ಅಂದರೆ ಮೂರ್ನಾಲ್ಕು ತಿಂಗಳಿಗೆ, ಮಾಡಿದ್ದು ಸರಿಯಾಯಿತಾ ಅಂತ ಗೊತ್ತಾಗುತ್ತದೆ.

ತುಂಬಾ ಕಡೆ ಇದು ಹುದ್ದೆಯೇ ಅಲ್ಲ, ಹೆಚ್ಚುವರಿ ಹೊಣೆ. ಅಪ್ರೈಸಲ್ ಕೊಡುವ ಅಧಿಕಾರ ಇರುವುದಿಲ್ಲ, ತಡವಾದರೆ ಬೈಗುಳ ಮಾತ್ರ ನಿಮಗೇ. ಆದರೂ ಮೊದಲ ಹೆಜ್ಜೆ ಇದೇ ಇರಲಿ ಎನ್ನುತ್ತೇನೆ. ಕಾರಣ ಸರಳ. ಇಷ್ಟವಾಗದಿದ್ದರೆ ಯಾರಿಗೂ ಮುಖಭಂಗವಾಗದಂತೆ ಹಿಂದಕ್ಕೆ ಬರಬಹುದು. ಉಳಿದ ದಾರಿಗಳಲ್ಲಿ ಅದು ಅಷ್ಟು ಸಲೀಸಲ್ಲ.

ಹೊಸ ಲೀಡ್‌ಗಳು ಮಾಡುವ ತಪ್ಪು ಎಲ್ಲರದ್ದೂ ಒಂದೇ. ಕಷ್ಟದ ಕೆಲಸವನ್ನು ತಾವೇ ಇಟ್ಟುಕೊಳ್ಳುತ್ತಾರೆ. ಆಮೇಲೆ ಮೀಟಿಂಗ್‌ಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ, ಇಡೀ ತಂಡ ಅವರ ಕೋಡ್‌ಗೆ ಕಾಯುತ್ತಾ ಕೂರುತ್ತದೆ. ಯಾರೂ ಕಾಯದಂಥ, ಯಾರಿಗೂ ಬೇಡವಾದ ಕೆಲಸ ಆರಿಸಿಕೊಳ್ಳಿ. ಒಮ್ಮೆ ಪಾಸಾಗಿ ಒಮ್ಮೆ ಫೇಲಾಗುವ ಟೆಸ್ಟ್‌ಗಳು, ನಲವತ್ತು ನಿಮಿಷ ತಿನ್ನುವ ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಹಂತ), ಇಂಥವು. ಬಂದ ಪುಲ್ ರಿಕ್ವೆಸ್ಟ್‌ಗೆ, ಅಂದರೆ ನನ್ನ ಕೋಡ್ ನೋಡಿ ಸೇರಿಸಿ ಎಂಬ ಕೋರಿಕೆಗೆ, ಅದೇ ದಿನ ಉತ್ತರ ಕೊಡಿ. ಈ ಎರಡೇ ಅಭ್ಯಾಸದಿಂದ ತಂಡದ ವೇಗ ಎಷ್ಟೋ ಏರುತ್ತದೆ.

ಎಂಜಿನಿಯರಿಂಗ್ ಮ್ಯಾನೇಜರ್: ಕಬ್ಬು

ನಾನು ಹೆಚ್ಚು ತಿಳಿದದ್ದೂ ಹೆಚ್ಚು ಎಡವಿದ್ದೂ ಇಲ್ಲೇ.

ಮೊದಲ ಸಲ ಮ್ಯಾನೇಜರ್ ಆದಾಗ ಹಗಲೆಲ್ಲ ಮೀಟಿಂಗ್ ಮಾಡಿ, ಏನೂ ಮಾಡಲಿಲ್ಲವಲ್ಲ ಎಂಬ ಸಂಕಟಕ್ಕೆ ರಾತ್ರಿ ಕೂತು ಹುಡುಗರ ಕೋಡ್ ತಿದ್ದುತ್ತಿದ್ದೆ. ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದ ಹುಡುಗಿ ಆರನೇ ತಿಂಗಳಿಗೆ ರಾಜೀನಾಮೆ ಕೊಟ್ಟಳು. ಕೊನೆಯ ದಿನ ಕಾಫಿ ಕುಡಿಯುವಾಗ ಹೇಳಿದಳು, "ಸರ್, ನಾನು ಯಾಕೆ ಹಾಗೆ ಬರೆದೆ ಅಂತ ನೀವು ಒಂದ್ಸಲನೂ ಕೇಳಲಿಲ್ಲ. ಬೆಳಿಗ್ಗೆ ಬಂದು ನೋಡಿದ್ರೆ ಬದಲಾಗಿರ್ತಿತ್ತು." ಕಂಪನಿಯಲ್ಲೂ ಹುಳುಕಿತ್ತು. ಎಷ್ಟೇ ಚೆನ್ನಾಗಿ ಮಾಡಿದರೂ ತಂಡದ ಒಬ್ಬರಿಗೆ ಕಡಿಮೆ ರೇಟಿಂಗ್ ಕೊಡಲೇಬೇಕಿತ್ತು. ಆದರೆ ಆ ಹುಡುಗಿ ಹೋದದ್ದಕ್ಕೆ ಕಂಪನಿ ಕಾರಣ ಅಲ್ಲ, ನಾನು.

ಕಬ್ಬು ನಾಟಿ ಮಾಡಿದವನು ದಿನಾ ಬುಡ ಕಿತ್ತು ನೋಡುವುದಿಲ್ಲ. ನೀರು ಕಟ್ಟಬೇಕು, ಕಳೆ ತೆಗೆಯಬೇಕು, ಮಣ್ಣು ಏರಿಸಬೇಕು. ಮ್ಯಾನೇಜರ್ ಕೆಲಸವೂ ಇಷ್ಟೇ. ವಾರಕ್ಕೊಮ್ಮೆ ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ ಒಂದಿಷ್ಟು ಮಾತು. ಯಾರು ಬೇಸತ್ತಿದ್ದಾರೆ, ಯಾರ ಮನೆಯಲ್ಲಿ ಹುಷಾರಿಲ್ಲ, ಯಾರು ಒಂದೇ ಬಗೆಯ ಕೆಲಸ ಮಾಡಿ ಮಾಡಿ ತುಕ್ಕು ಹಿಡಿಯುತ್ತಿದ್ದಾರೆ ಎಂಬುದು ರಾಜೀನಾಮೆ ಮೇಲ್ ಬರುವ ಮೊದಲೇ ತಿಳಿಯಬೇಕು. ಹೊಸಬರನ್ನು ಆರಿಸಬೇಕು. ಒಮ್ಮೊಮ್ಮೆ ಒಬ್ಬರನ್ನು ಕಳಿಸಲೂಬೇಕು. ಆ ರಾತ್ರಿ ನಿದ್ದೆ ಬರುವುದಿಲ್ಲ, ಬರಬಾರದು ಕೂಡ. ಇಷ್ಟೆಲ್ಲ ಮಾಡಿ ಫಲ ಕಾಣಲು ವರ್ಷ ಹಿಡಿಯುತ್ತದೆ. ಆದರೆ ಕಬ್ಬಿಗೊಂದು ಗುಣ ಇದೆ. ಮೊದಲ ಕಟಾವಾದ ಮೇಲೆ ಅದೇ ಬುಡದಿಂದ ಕೂಳೆ ಕಬ್ಬು ಚಿಗುರುತ್ತದೆ, ಹೊಸದಾಗಿ ನಾಟಿ ಮಾಡುವ ಖರ್ಚಿಲ್ಲ. ಒಂದು ವರ್ಷ ಚೆನ್ನಾಗಿ ಕೂಡಿ ಬಂದ ತಂಡವೂ ಎರಡನೇ ವರ್ಷ ಹಾಗೇ. ಅದನ್ನು ಒಡೆದು ಬೇರೆ ಪ್ರಾಜೆಕ್ಟ್‌ಗಳಿಗೆ ಹಂಚುವವರನ್ನು ಕಂಡರೆ ನನಗೆ ಕೂಳೆ ಅಗೆದು ಹಾಕಿದವರ ನೆನಪಾಗುತ್ತದೆ.

ಮ್ಯಾನೇಜರ್‌ಗಳು ನಿಜಕ್ಕೂ ಬೇಕಾ ಎಂಬ ಅನುಮಾನ ಎಂಜಿನಿಯರ್‌ಗಳಿಗೆ ಸದಾ ಇದ್ದದ್ದೇ. ಗೂಗಲ್‌ಗೂ ಇತ್ತು. 2008ರಲ್ಲಿ ಪ್ರಾಜೆಕ್ಟ್ ಆಕ್ಸಿಜನ್ ಎಂಬ ಹೆಸರಿನಲ್ಲಿ ತನ್ನದೇ ರಿವ್ಯೂ, ಸಮೀಕ್ಷೆಗಳನ್ನು ಹರವಿಕೊಂಡು ಪರೀಕ್ಷಿಸಿತು. ಒಳ್ಳೆಯ ಮ್ಯಾನೇಜರ್ ಇರುವ ತಂಡಕ್ಕೂ ಇಲ್ಲದ ತಂಡಕ್ಕೂ ವ್ಯತ್ಯಾಸ ಇದ್ದೇ ಇತ್ತು. ಒಳ್ಳೆಯವರ ಎಂಟು ಗುಣಗಳ ಪಟ್ಟಿಯಾಯಿತು. ಜನರನ್ನು ತಿದ್ದಿ ಬೆಳೆಸುವುದು ಮೊದಲನೆಯದು. ತಂಡಕ್ಕೆ ಸಲಹೆ ಕೊಡುವಷ್ಟು ತಾಂತ್ರಿಕ ಜ್ಞಾನ ಎಂಟನೆಯದು, ಕೊನೆಯದು. ಇದನ್ನು ಓದಿ "ಹಾಗಾದ್ರೆ ಕೋಡ್ ಗೊತ್ತಿಲ್ಲದಿದ್ರೂ ನಡೆಯುತ್ತೆ" ಎನ್ನುವವರಿದ್ದಾರೆ. ಕೊನೆಯಲ್ಲಿದ್ದರೂ ಪಟ್ಟಿಯಲ್ಲಿತ್ತು, ಅಲ್ವಾ?

ಅದು ಯಾಕೆ ಬೇಕು ಅನ್ನುವುದಕ್ಕೆ ಒಂದು ಉದಾಹರಣೆ. ಪ್ರಾಜೆಕ್ಟ್ ತಡವಾಗಿದೆ, ಕ್ಲೈಂಟ್ ಕಿರುಚುತ್ತಿದ್ದಾರೆ, ಮೇಲಿನವರು ಐದು ಜನರನ್ನು ಕೊಡುತ್ತೇವೆ ಎನ್ನುತ್ತಾರೆ. ಗೊತ್ತಿಲ್ಲದ ಮ್ಯಾನೇಜರ್ ಕೈಮುಗಿದು ತೆಗೆದುಕೊಳ್ಳುತ್ತಾರೆ. ಐಬಿಎಂನಲ್ಲಿ ದೊಡ್ಡ ಪ್ರಾಜೆಕ್ಟ್ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದರು, ತಡವಾದ ಪ್ರಾಜೆಕ್ಟ್‌ಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು. ಲೆಕ್ಕ ಹಾಕಿ ನೋಡಿ. ಐದು ಜನರಲ್ಲಿ ಒಬ್ಬರಿಗೊಬ್ಬರು ಮಾತಾಡುವ ಜೋಡಿಗಳು 10. ಹತ್ತು ಜನ ಆದರೆ 45. ಜೊತೆಗೆ ಹೊಸಬರಿಗೆ ಕಲಿಸಲು ಹಳಬರ ಸಮಯವೇ ಹೋಗುತ್ತದೆ. "ಜನ ಬೇಡ, ಎರಡು ಫೀಚರ್ ತೆಗೀರಿ" ಎಂದು ಕೂತು ವಾದಿಸಬೇಕಾದರೆ ಆ ಕೋಡ್ ಒಳಗೆ ಏನಿದೆ ಎಂದು ಗೊತ್ತಿರಬೇಕು.

ಮೈಸೂರಿನವರು ಇಲ್ಲಿ ಒಂದು ವಿಷಯ ಗಮನಿಸಬೇಕು. ನಮ್ಮಲ್ಲಿ ದೊಡ್ಡ ಕೆಲಸದಾತರು ಬಹುಪಾಲು ಸೇವಾ ಕಂಪನಿಗಳು, ಅಂದರೆ ಬೇರೆಯವರಿಗೆ ಸಾಫ್ಟ್‌ವೇರ್ ಮಾಡಿಕೊಡುವವರು. ಹೆಬ್ಬಾಳದ ಇನ್ಫೋಸಿಸ್ ಕ್ಯಾಂಪಸ್ ಸಾವಿರಾರು ಫ್ರೆಶರ್‌ಗಳು ತರಬೇತಿಗೆ ಬಂದು ಇಳಿಯುವ ಜಾಗ. ಎಲ್ ಆಂಡ್ ಟಿ ಟೆಕ್ನಾಲಜಿ ಸರ್ವಿಸಸ್‌ನವರೂ ಇದ್ದಾರೆ. ಎಕ್ಸೆಲ್‌ಸಾಫ್ಟ್‌ನಂತೆ ಇಲ್ಲೇ ಹುಟ್ಟಿ ತಮ್ಮದೇ ಪ್ರಾಡಕ್ಟ್ ಮಾಡಿದವರ ಸಂಖ್ಯೆ ಕಡಿಮೆ. ಸೇವಾ ಕಂಪನಿಗಳಲ್ಲಿ "ಮ್ಯಾನೇಜರ್" ಅಂದರೆ ಹೆಚ್ಚಾಗಿ ಪ್ರಾಜೆಕ್ಟ್ ಮ್ಯಾನೇಜರ್ ಅಥವಾ ಡೆಲಿವರಿ ಮ್ಯಾನೇಜರ್. ಬಿಲ್ಲಿಂಗ್, ಪ್ರಾಜೆಕ್ಟ್ ಇಲ್ಲದೆ ಬೆಂಚ್‌ನಲ್ಲಿ ಎಷ್ಟು ಜನ, ಕ್ಲೈಂಟ್‌ಗೆ ವಾರದ ವರದಿ, ಎಕ್ಸೆಲ್ ಶೀಟ್. ಅದೂ ಮರ್ಯಾದೆಯ ಕೆಲಸವೇ. ಹಣಕಾಸು ಮತ್ತು ಕ್ಲೈಂಟ್ ನಿಭಾಯಿಸುವುದನ್ನು ಅಲ್ಲಿ ಕಲಿತಷ್ಟು ಪ್ರಾಡಕ್ಟ್ ಕಂಪನಿಯಲ್ಲಿ ಕಲಿಯಲಾಗದು. ಆದರೆ ಐದು ವರ್ಷ ಅದನ್ನು ಮಾಡಿ ಪ್ರಾಡಕ್ಟ್ ಕಂಪನಿಯ ಎಂಜಿನಿಯರಿಂಗ್ ಮ್ಯಾನೇಜರ್ ಇಂಟರ್‌ವ್ಯೂಗೆ ಹೋದರೆ ಇಡೀ ಸಿಸ್ಟಮ್ ಹೇಗೆ ಕಟ್ಟುತ್ತೀರಿ ಎಂದು ಕೇಳುವ ಸಿಸ್ಟಮ್ ಡಿಸೈನ್ ಸುತ್ತಿನಲ್ಲೇ ಬಾಗಿಲು ಮುಚ್ಚುತ್ತದೆ. ಹೆಸರು ಒಂದೇ, ಕಸುಬು ಬೇರೆ.

ಸ್ಟಾಫ್ ಎಂಜಿನಿಯರ್, ಪ್ರಿನ್ಸಿಪಲ್, ಆರ್ಕಿಟೆಕ್ಟ್: ತೆಂಗು

"ನನಗೆ ಜನ ಬೇಡಪ್ಪ, ಕೋಡೇ ಸಾಕು, ಅದಕ್ಕೆ ಸ್ಟಾಫ್ ಎಂಜಿನಿಯರ್ ಆಗ್ತೀನಿ" ಎನ್ನುವವರು ವರ್ಷಕ್ಕೆ ನಾಲ್ಕೈದು ಜನವಾದರೂ ನನಗೆ ಸಿಗುತ್ತಾರೆ. ಅವರಿಗೆ ಬೇಕಾದದ್ದು ಸೀನಿಯರ್ ಎಂಜಿನಿಯರ್ ಹುದ್ದೆ, ಅದರಲ್ಲೇ ಇರಬಹುದು, ಅದರಲ್ಲಿ ಕೀಳೇನೂ ಇಲ್ಲ. ಸ್ಟಾಫ್ ಅಂದರೆ ಸೀನಿಯರ್‌ಗಿಂತ ಮೇಲಿನ ಟೆಕ್ನಿಕಲ್ ಹುದ್ದೆ, ಅಲ್ಲಿ ಜನರ ಗೋಜು ಇನ್ನೂ ಜಾಸ್ತಿ. ಮ್ಯಾನೇಜರ್ ಮಾತನ್ನು ತಂಡದವರು ಕೇಳಲೇಬೇಕು. ನಿಮ್ಮ ಮಾತನ್ನು ಯಾರೂ ಕೇಳಬೇಕಿಲ್ಲ, ಒಪ್ಪಿಸಬೇಕು. ಅದೂ ಒಂದು ತಂಡವನ್ನಲ್ಲ, ನಾಲ್ಕೈದು ತಂಡಗಳನ್ನು.

ಒಪ್ಪಿಸುವುದು ಬರವಣಿಗೆಯಿಂದ. ಡಿಸೈನ್ ಡಾಕ್ಯುಮೆಂಟ್ ಬರೆಯಬೇಕು. ಯಾವ ದಾರಿ ಬಿಟ್ಟೆವು, ಯಾಕೆ ಬಿಟ್ಟೆವು ಎಂದು ದಾಖಲಿಸಬೇಕು. ಎರಡು ವರ್ಷ ಕಳೆದ ಮೇಲೆ ಬರುವವರು "ಯಾರಪ್ಪ ಇದನ್ನ ಹಿಂಗೆ ಕಟ್ಟಿದ್ದು" ಎಂದು ಬೈಯುವ ಮೊದಲು ಓದಲು ಒಂದು ಪುಟವಾದರೂ ಇರಬೇಕು. ಹಳೆಯ ಡೇಟಾಬೇಸ್‌ನಿಂದ ಹೊಸದಕ್ಕೆ ಸಾಗಿಸುವಂಥ, ಒಂದೂವರೆ ವರ್ಷ ಎಳೆಯುವ, ಮುಗಿದಾಗ ಯಾರೂ ಚಪ್ಪಾಳೆ ಹೊಡೆಯದ ಕೆಲಸಗಳು ಇವರ ಪಾಲು.

ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದ ಒಂದು ಮಾತು ಈ ದಾರಿಯವರಿಗೆ ಬಾಯಿಪಾಠ ಆಗಿರಬೇಕು. ಒಂದು ಸಂಸ್ಥೆ ಕಟ್ಟುವ ಸಿಸ್ಟಮ್, ಆ ಸಂಸ್ಥೆಯೊಳಗಿನ ಮಾತುಕತೆ ಹೇಗಿದೆಯೋ ಹಾಗೇ ಇರುತ್ತದೆ ಎಂಬುದು ಅದರ ಸಾರ. ಅಣ್ಣತಮ್ಮಂದಿರು ಪಾಲಾದರೆ ನಡುಮನೆಯಲ್ಲಿ ಗೋಡೆ ಏಳುವುದಿಲ್ಲವೇ? ಹಾಗೇ ಎರಡು ತಂಡ ಮಾತು ಬಿಟ್ಟರೆ ಅವರ ಎರಡು ಸರ್ವಿಸ್‌ಗಳ ನಡುವೆ ಒಂದು ಗೋಡೆ ಏಳುತ್ತದೆ. ಆರ್ಕಿಟೆಕ್ಟ್ ಬಿಳಿ ಬೋರ್ಡ್ ಮೇಲೆ ಎಷ್ಟು ಚೆಂದದ ಚಿತ್ರ ಬರೆದರೂ ಅಷ್ಟೇ. ಹಾಗಾಗಿ ಆರ್ಕಿಟೆಕ್ಟ್ ಆದವರು ಮೊದಲು ಓದಬೇಕಾದದ್ದು ಕಂಪನಿಯ ಜನರನ್ನು.

ತೆಂಗು ಎಂದು ಯಾಕೆ ಅಂದೆ ಅಂದರೆ, ನೆಟ್ಟವರೇ ಎಳನೀರು ಕುಡಿಯುತ್ತಾರೆ ಎಂಬ ಖಾತ್ರಿ ಇಲ್ಲ. ನಮ್ಮ ಕಡೆಯವರಿಗೆ ಇದಕ್ಕೆ ಬೇರೆ ಉದಾಹರಣೆ ಬೇಡ. ವಿಶ್ವೇಶ್ವರಯ್ಯ ಮೈಸೂರಿನ ಮುಖ್ಯ ಎಂಜಿನಿಯರ್ ಆದದ್ದು 1909ರಲ್ಲಿ. ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದದ್ದು 1911ರಲ್ಲಿ. 1912ರಲ್ಲಿ ಅವರು ದಿವಾನರಾದರು, 1918ರಲ್ಲಿ ಬಿಟ್ಟರು. ಕಟ್ಟೆ ಪೂರ್ತಿಯಾದದ್ದು 1930ರ ದಶಕದ ಆರಂಭದಲ್ಲಿ, ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾದದ್ದು 1933ರಲ್ಲಿ. ನಮ್ಮ ತಾತನ ಗದ್ದೆಗೆ ನಾಲೆ ನೀರು ಬಂದಾಗ ಅವರು ಹುದ್ದೆ ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. ಇನ್ನೊಂದು ಗಮನಿಸಿ. ಮುಖ್ಯ ಎಂಜಿನಿಯರ್ ಹುದ್ದೆ ಈಗಿನ ಲೆಕ್ಕದಲ್ಲಿ ಟೆಕ್ನಿಕಲ್ ಏಣಿ, ದಿವಾನಗಿರಿ ಮ್ಯಾನೇಜ್‌ಮೆಂಟ್ ಏಣಿ. ಒಂದರಿಂದ ಇನ್ನೊಂದಕ್ಕೆ ಮೂರೇ ವರ್ಷದಲ್ಲಿ ಹೋದರು. ಎಲ್ಲರೂ ವಿಶ್ವೇಶ್ವರಯ್ಯ ಆಗುವುದಿಲ್ಲ, ಬಿಡಿ. ಎರಡು ಏಣಿಗಳ ನಡುವೆ ಗೋಡೆ ಇಲ್ಲ ಎನ್ನಲು ಹೇಳಿದೆ.

ಈ ಹುದ್ದೆಗಳು ಮೈಸೂರಿನಲ್ಲಿ ಕಡಿಮೆ. ಹೆಚ್ಚಿನವು ಬೆಂಗಳೂರಿನ ಪ್ರಾಡಕ್ಟ್ ಕಂಪನಿಗಳಲ್ಲಿ. ಮನೆಯಿಂದಲೇ ಮಾಡುತ್ತೇನೆ ಎಂದರೆ ಆಗುತ್ತದೆ, ನಾನೂ ಮಾಡಿದ್ದೇನೆ. ಆದರೆ ದೊಡ್ಡ ನಿರ್ಧಾರಗಳು ಮೀಟಿಂಗ್‌ಗಿಂತ ಊಟದ ಟೇಬಲ್‌ನಲ್ಲೇ ಹೆಚ್ಚು ಆಗುತ್ತವೆ. ನೀವು ಕುಕ್ಕರಹಳ್ಳಿ ಕೆರೆ ಸುತ್ತಿ ಬಂದು ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೆ ತೀರ್ಮಾನವಾಗಿರುತ್ತದೆ. ವಾರಕ್ಕೆ ಒಂದು ದಿನ ಗೊತ್ತು ಮಾಡಿಕೊಂಡು ಹೋಗಿ, ಅವತ್ತು ಮೀಟಿಂಗ್ ಇಟ್ಟುಕೊಳ್ಳಬೇಡಿ, ಜನರ ಜೊತೆ ಕೂರಿ. ಎಕ್ಸ್‌ಪ್ರೆಸ್‌ವೇ ಆದ ಮೇಲೂ ನನ್ನ ಓಟು ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ಗೇ. ಕೆಂಗೇರಿ ಟ್ರಾಫಿಕ್‌ನಲ್ಲಿ ಡಿಸೈನ್ ಡಾಕ್ಯುಮೆಂಟ್ ಓದಲಾಗುವುದಿಲ್ಲ. ರೈಲಿನಲ್ಲಿ ಮಂಡ್ಯ, ಮದ್ದೂರಿನ ಪಾಸಿನವರು ಹತ್ತುವ ಮೊದಲು ಸೀಟು ಹಿಡಿದರೆ ಎರಡು ಡಾಕ್ಯುಮೆಂಟ್ ಮುಗಿಯುತ್ತವೆ.

ಸ್ಟಾರ್ಟಪ್‌ನ ಸಿಟಿಒ

ಇದು ಮಳೆ ನಂಬಿದ ಹೊಲ. ಐದು ಜನರ ಕಂಪನಿಯ ಸಿಟಿಒ (ತಂತ್ರಜ್ಞಾನದ ಮುಖ್ಯಸ್ಥ) ಅಂದರೆ ವಿಸಿಟಿಂಗ್ ಕಾರ್ಡ್ ಇರುವ ಟೆಕ್ ಲೀಡ್. ಸರ್ವರ್ ಬಿದ್ದರೂ ನೀವೇ, ಪ್ರಿಂಟರ್ ಕೆಟ್ಟರೂ ನೀವೇ. ಕಲಿಯುವುದು ವಿಪರೀತ. ಮೈಸೂರಿನಲ್ಲಿ ಬಾಡಿಗೆ ಕಡಿಮೆ, ಎನ್‌ಐಇ, ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜುಗಳಿಂದ ಚುರುಕು ಹುಡುಗರು ಸಿಗುತ್ತಾರೆ, ಹತ್ತು ವರ್ಷ ಅನುಭವದವರು ಸಿಗುವುದು ಕಷ್ಟ. ಸಂಬಳದ ಬದಲು ಷೇರು ಕೊಡುತ್ತೇವೆ ಎಂದರೆ ಕಾಗದದ ಮೇಲೆ ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದು ನಾಲ್ಕು ವರ್ಷದಲ್ಲಿ ಕಂತು ಕಂತಾಗಿ ಕೈಗೆ ಬರುತ್ತದೆ, ಮೊದಲ ವರ್ಷದೊಳಗೆ ಬಿಟ್ಟರೆ ಏನೂ ಇಲ್ಲ. ಮನೆ ಸಾಲದ ಕಂತು ಕಟ್ಟುತ್ತಿರುವವರು ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿಟ್ಟು ಆಮೇಲೆ ಯೋಚಿಸಿ.

ಸಂಬಳ, ಮತ್ತೆ ಹಿಂದಕ್ಕೆ ಬರುವ ದಾರಿ

ಒಳ್ಳೆಯ ಪ್ರಾಡಕ್ಟ್ ಕಂಪನಿಗಳಲ್ಲಿ ಎರಡು ಏಣಿಗಳಿಗೂ ಒಂದೇ ಸಂಬಳದ ಮೆಟ್ಟಿಲು. ಹಲವು ಕಡೆ ಟೆಕ್ನಿಕಲ್ ಏಣಿ ಕಾಗದದಲ್ಲಿ ಮಾತ್ರ ಇರುತ್ತದೆ, ಮೂರನೇ ಮೆಟ್ಟಿಲಿಗೆ ಮುಗಿಯುತ್ತದೆ. ಅದನ್ನು ಪತ್ತೆ ಮಾಡಲು ಎಚ್‌ಆರ್ ಮಾತು ನಂಬಬೇಡಿ. ಡೈರೆಕ್ಟರ್‌ಗೆ ಸಮನಾದ ಪ್ರಿನ್ಸಿಪಲ್ ಎಂಜಿನಿಯರ್ ಇಲ್ಲಿ ಎಷ್ಟು ಜನ ಇದ್ದಾರೆ, ಕಳೆದ ಎರಡು ವರ್ಷದಲ್ಲಿ ಒಳಗಿನಿಂದ ಯಾರು ಏರಿದರು ಎಂದು ಕೇಳಿ. "ಬೇಗ ಮಾಡ್ತೀವಿ" ಎಂಬ ಉತ್ತರ ಬಂದರೆ ಅಲ್ಲಿ ಏಣಿ ಇಲ್ಲ.

ಮ್ಯಾನೇಜರ್ ಆಗಿದ್ದು ವಾಪಸು ಕೋಡ್‌ಗೆ ಬರುವುದು ಅವಮಾನ ಅಲ್ಲ, ಆದರೆ ಸುಲಭವೂ ಅಲ್ಲ. ಎರಡು ವರ್ಷಕ್ಕೇ ನನ್ನ ಕೈ ತುಕ್ಕು ಹಿಡಿದಿತ್ತು. ಎರಡು ಇಂಟರ್‌ವ್ಯೂಗಳಲ್ಲಿ ಫೇಲಾದೆ. ಒಂದರಲ್ಲಿ ನನಗಿಂತ ಹತ್ತು ವರ್ಷ ಚಿಕ್ಕ ಹುಡುಗ ಪಾಪ ಸಮಾಧಾನ ಹೇಳಿ ಕಳಿಸಿದ. ಊರಿನಲ್ಲಿ "ಡಿಮೋಷನ್ ಆಯ್ತಂತೆ" ಎಂಬ ಸುದ್ದಿ ಹಬ್ಬಿತು. ಅಮ್ಮ ಒಂದು ವಾರ ಫೋನಿನಲ್ಲಿ ದನಿ ತಗ್ಗಿಸಿ ಮಾತಾಡಿದರು. ಎರಡನೇ ಸಲ ಮ್ಯಾನೇಜರ್ ಆದಾಗ ಒಂದು ನಿಯಮ ಇಟ್ಟುಕೊಂಡೆ. ಕೋಡ್ ಬರೆಯುವುದಿಲ್ಲ, ಓದುವುದು ಬಿಡುವುದಿಲ್ಲ. ಪ್ರೊಡಕ್ಷನ್ (ಗ್ರಾಹಕರು ಬಳಸುತ್ತಿರುವ ಸಿಸ್ಟಮ್) ಕೆಟ್ಟು ಹುಡುಗರು ರಾತ್ರಿ ಎದ್ದರೆ ನಾನೂ ಕಾಲ್‌ಗೆ ಸೇರುತ್ತೇನೆ, ಬಾಯಿ ಮುಚ್ಚಿಕೊಂಡು. ಎಲ್ಲಿ ಕೊಳೆತಿದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಇನ್ನೂ ತೀರ್ಮಾನವಾಗದವರು ಸಣ್ಣದಾಗಿ ರುಚಿ ನೋಡಬಹುದು. ಮ್ಯಾನೇಜರ್ ಎರಡು ವಾರ ರಜೆ ಹೋದಾಗ ಅವರ ಕೆಲಸ ಕೇಳಿ ತೆಗೆದುಕೊಳ್ಳಿ. ಒಬ್ಬ ಇಂಟರ್ನ್‌ನನ್ನು ಎರಡು ತಿಂಗಳು ನೋಡಿಕೊಳ್ಳಿ. ಅವನು ಮೊದಲ ಸಲ ತಾನಾಗೇ ಬಗ್ ಹಿಡಿದ ದಿನ ನಿಮಗೆ ನಿಮ್ಮದೇ ಬಗ್ ಹಿಡಿದಷ್ಟು ಖುಷಿಯಾದರೆ ಕಬ್ಬಿನ ಕಡೆ ಹೋಗಿ. ಬೇರೆ ತಂಡಕ್ಕೆ ಒಂದು ಡಿಸೈನ್ ಡಾಕ್ಯುಮೆಂಟ್ ಬರೆದುಕೊಡಿ. ಅವರು ಅದರಲ್ಲಿ ಅರ್ಧ ಬದಲಿಸಿ, ನಿಮ್ಮ ಹೆಸರೂ ಹೇಳದೆ ಕಟ್ಟಿಕೊಂಡಾಗ ಹೊಟ್ಟೆ ಉರಿಯದಿದ್ದರೆ ತೆಂಗಿನ ಕಡೆ. ಎರಡೂ ಬೇಡ ಎನಿಸಿದರೆ ಸೊಪ್ಪಿನ ಮಡಿಯಲ್ಲೇ ಇರಿ. ಸಾರಿಗೆ ದಿನಾ ಸೊಪ್ಪು ಬೇಕೇ ಬೇಕು.

ಒಪ್ಪಿಕೊಳ್ಳುವ ಮೊದಲು ಮೇಲಿನವರನ್ನು ಕೇಳಬೇಕಾದ್ದು: ನನಗೆ ಎಷ್ಟು ಜನ ರಿಪೋರ್ಟ್ ಮಾಡುತ್ತಾರೆ, ಅವರ ರೇಟಿಂಗ್ ನಾನು ಕೊಡುತ್ತೇನಾ, ಹೊಸಬರನ್ನು ನಾನು ಆರಿಸುತ್ತೇನಾ, ತಾರೀಖು ತಪ್ಪಿದರೆ ಉತ್ತರ ಕೊಡಬೇಕಾದವರು ಯಾರು. ಕೊನೆಗೆ, ಆರು ತಿಂಗಳಾದ ಮೇಲೆ ಬೇಡ ಎನಿಸಿದರೆ ಈಗಿನ ಗ್ರೇಡಿನಲ್ಲೇ ಹಿಂದಕ್ಕೆ ಬರಬಹುದಾ. ಈ ಕೊನೆಯದಕ್ಕೆ ಉತ್ತರವನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ನಾನು ಬಾಯಿಮಾತಿನಲ್ಲಿ ನಂಬಿದ್ದೆ. ಹೇಳಿದವರು ನನಗಿಂತ ಮೊದಲೇ ಕಂಪನಿ ಬಿಟ್ಟಿದ್ದರು.